ವಿಂಡ್ಸರ್ ಕುರ್ಚಿ

ವಿಂಡ್ಸರ್ ಕುರ್ಚಿಯು 18ನೇ ಶತಮಾನದಿಂದ ಇಂಗ್ಲೆಂಡಿನಲ್ಲಿ ಪ್ರಚಲಿತವಾಗಿರುವ ಒಂದು ಬಗೆಯ ಮರದ ಕುರ್ಚಿ. ಇತರ ಅನೇಕ ಕುರ್ಚಿಗಳಲ್ಲಿ ಹಿಂಗಾಲುಗಳೇ ಮೇಲಕ್ಕೆ ಮುಂದುವರಿದು ಬೆನ್ನೊರಗಿನ ಚೌಕಟ್ಟಾಗುತ್ತವೆ. ವಿಂಡ್ಸರ್ ಕುರ್ಚಿಗೆ ಆಸನದ ದಪ್ಪ ಹಲಗೆಯೇ ಆಧಾರ. ಅದರಲ್ಲಿ ಕೊರೆದ ರಂಧ್ರಗಳಿಗೆ ಕಾಲುಗಳನ್ನು ಕೆಳಗಿನಿಂದಲೂ ಬೆನ್ನೊರಗಿನ ಕಡ್ಡಿಗಳನ್ನು ಮೇಲಿನಿಂದಲೂ ಸೇರಿಸಲಾಗುತ್ತದೆ. ಕಾಲುಗಳ ಜೋಡಣೆಗೆ ಮೊಳೆ, ತಿರುಪುಗಳು ಬೇಕಿಲ್ಲ. ಮರದ ನಾರಿನ ದಿಕ್ಕು ಹಾಗೂ ತೇವಾಂಶವನ್ನು ಅರಿತು ಭಾಗಗಳನ್ನು ರೂಪಿಸುವುದರಲ್ಲಿಯೇ ಇದರ ದೃಢತೆ ಅಡಗಿದೆ.

ಮರದ ಆಯ್ಕೆ

ಇಂಗ್ಲೆಂಡಿನಲ್ಲಿ ಆಸನಕ್ಕೆ ಎಲ್ಮ್, ಕಾಲುಗಳಿಗೆ ಬೀಚ್, ಬಾಗಿದ ಭಾಗಗಳಿಗೆ ಆಶ್ ಅಥವಾ ಯೂ ಮರವನ್ನು ಬಳಸುವುದು ವಾಡಿಕೆ. ಎಲ್ಮ್ ಮರದ ನಾರುಗಳು ಒಂದಕ್ಕೊಂದು ಹೆಣೆದುಕೊಂಡಿರುವುದರಿಂದ ಅಂಚಿನ ಸಮೀಪ ರಂಧ್ರ ಕೊರೆದರೂ ಹಲಗೆ ಸುಲಭವಾಗಿ ಸೀಳುವುದಿಲ್ಲ.

ಭಾಗಗಳ ರಚನೆ

ಕಾಲು ಮತ್ತು ಕಡ್ಡಿಗಳಿಗಾಗಿ ಹಸಿ ದಿಮ್ಮಿಯನ್ನು ಗರಗಸದಿಂದ ಕೊಯ್ಯುವ ಬದಲು ಬೆಣೆ ಹೊಡೆದು ಸೀಳುತ್ತಾರೆ. ಸೀಳು ನಾರಿನ ಜಾಡನ್ನೇ ಹಿಡಿಯುವುದರಿಂದ ನಾರುಗಳು ತುಂಡಾಗದೆ ತುದಿಯಿಂದ ತುದಿಯವರೆಗೆ ಉಳಿಯುತ್ತವೆ. ತೆಳುವಾದ ಕಡ್ಡಿಯೂ ಬೆನ್ನಿನ ಭಾರವನ್ನು ತಾಳುವುದು ಈ ಕಾರಣದಿಂದ. ಕಾಲುಗಳನ್ನು ಲೇತ್‌ನಲ್ಲಿ ಕಡೆಯಲಾಗುತ್ತದೆ. ಆಸನದ ಹಲಗೆಯನ್ನು ಬಾಚಿಯಿಂದ ಕೆತ್ತಿ ತಗ್ಗು ಮಾಡಲಾಗುತ್ತದೆ. ಬಿಲ್ಲಿನಾಕಾರದ ಬೆನ್ನಿನ ಪಟ್ಟಿಯನ್ನು ಹಬೆಯಲ್ಲಿ ಬೇಯಿಸಿ ಅಚ್ಚಿನ ಸುತ್ತ ಬಾಗಿಸುತ್ತಾರೆ. ಒಂದು ಅಂಗುಲ ದಪ್ಪಕ್ಕೆ ಸುಮಾರು ಒಂದು ಗಂಟೆ ಹಬೆ ಬೇಕೆಂಬುದು ರೂಢಿಯ ಲೆಕ್ಕ. ಹಬೆಪೆಟ್ಟಿಗೆಯಿಂದ ಹೊರತೆಗೆದ ಪಟ್ಟಿ ಬೇಗನೆ ಬಿರುಸಾಗುವುದರಿಂದ ಅದನ್ನು ಕೂಡಲೇ ಬಾಗಿಸಿ, ಒಣಗುವವರೆಗೆ ಅಚ್ಚಿನಲ್ಲಿಯೇ ಬಿಡಬೇಕು.

ಜೋಡಣೆ

ಒಣಗುವಾಗ ಮರವು ಅಡ್ಡಕ್ಕೆ ಕುಗ್ಗುತ್ತದೆ. ಉದ್ದಕ್ಕೆ ಕುಗ್ಗುವುದು ಅತ್ಯಲ್ಪ. ಈ ಗುಣವನ್ನು ಜೋಡಣೆಯಲ್ಲಿ ಬಳಸಿಕೊಳ್ಳಲಾಗುತ್ತದೆ. ಕಾಲುಗಳ ನಡುವಿನ ಅಡ್ಡಕೋಲಿನ ತುದಿಗಳನ್ನು ಚೆನ್ನಾಗಿ ಒಣಗಿಸಿ, ಇನ್ನೂ ಸ್ವಲ್ಪ ತೇವವಿರುವ ಕಾಲಿನ ರಂಧ್ರಕ್ಕೆ ಬಿಗಿಯಾಗಿ ಬಡಿಯುತ್ತಾರೆ. ತುದಿಯು ತೇವ ಹೀರಿ ಉಬ್ಬಿದಂತೆ, ಕಾಲು ಒಣಗಿ ಕುಗ್ಗುತ್ತಾ ಅದನ್ನು ಹಿಡಿದುಕೊಳ್ಳುತ್ತದೆ. ತುದಿ ಹಸಿಯಾಗಿದ್ದರೆ ಅದೇ ಕುಗ್ಗಿ ಜೋಡಣೆ ಸಡಿಲವಾಗುತ್ತದೆ.

ಕಾಲಿನ ಮೇಲ್ತುದಿಯು ಆಸನದ ಹಲಗೆಯನ್ನು ತೂರಿ ಬರುವಂತೆ ಮಾಡುವುದುಂಟು. ಆಗ ಆ ತುದಿಯನ್ನು ಸೀಳಿ ಮೇಲಿನಿಂದ ಬೆಣೆ ಹೊಡೆಯಲಾಗುತ್ತದೆ. ಬೆಣೆಯ ಅಗಲವು ಹಲಗೆಯ ನಾರಿಗೆ ಅಡ್ಡವಾಗಿರಬೇಕು; ನಾರಿನ ಜಾಡಿನಲ್ಲಿಯೇ ಹೊಡೆದರೆ ಆಸನವೇ ಬಿರಿಯಬಹುದು.

ಇತಿಹಾಸ

19ನೇ ಶತಮಾನದಲ್ಲಿ ಬಕಿಂಗ್‌ಹ್ಯಾಮ್‌ಶೈರ್‌ನ ಹೈ ವಿಕಂಬ್ ಪಟ್ಟಣವು ಈ ಕುರ್ಚಿಗಳ ಪ್ರಮುಖ ಕೇಂದ್ರವಾಗಿತ್ತು. ಸಮೀಪದ ಚಿಲ್ಟರ್ನ್ ಬೆಟ್ಟಗಳ ಬೀಚ್ ಕಾಡುಗಳಲ್ಲಿ ‘ಬಾಡ್ಜರ್’ ಎಂಬ ಕುಶಲಕರ್ಮಿಗಳು ಕಾಲಿನಿಂದ ತುಳಿಯುವ ಲೇತ್‌ಗಳಲ್ಲಿ ಕುರ್ಚಿಯ ಕಾಲು, ಅಡ್ಡಕೋಲುಗಳನ್ನು ಕಡೆದು ಪಟ್ಟಣದ ಕಾರ್ಯಾಗಾರಗಳಿಗೆ ಮಾರುತ್ತಿದ್ದರು. ಪೂರ್ಣ ಕುರ್ಚಿ ಸಿದ್ಧವಾಗುತ್ತಿದ್ದುದು ಆ ಕಾರ್ಯಾಗಾರಗಳಲ್ಲಿ. ಉತ್ತರ ಅಮೆರಿಕದಲ್ಲಿ 18ನೇ ಶತಮಾನದಲ್ಲಿಯೇ ಫಿಲಡೆಲ್ಫಿಯ ಇದರ ತಯಾರಿಕೆಗೆ ಹೆಸರಾಗಿತ್ತು.