ಸೊನ್ನೆಯ ಲೆಕ್ಕದಲ್ಲಿ ತಪ್ಪಿದ ಹಿರಿಯರು

“ನಮ್ಮ ಹುಡುಗನಿಗೆ ಲೆಕ್ಕ ತಲೆಗೆ ಹತ್ತುವುದೇ ಇಲ್ಲ” ಎಂಬ ಮಾತು ನಮ್ಮವರ ಮನೆಗಳಲ್ಲಿ ಆಗಾಗ ಕೇಳಿಬರುತ್ತದೆ. ಮಗುವಿನ ಎದುರಿಗೇ ಅದನ್ನು ಆಡುವುದೂ ಉಂಟು. ಲೆಕ್ಕ ಬರುವವರು ಹುಟ್ಟಿನಿಂದಲೇ ಬೇರೆ, ಬಾರದವರು ಬೇರೆ ಎಂಬ ನಂಬಿಕೆ ಇದರ ಹಿಂದಿದೆ. ಗಣಿತದ ಚರಿತ್ರೆ ಮಾತ್ರ ಬೇರೆಯದನ್ನೇ ಹೇಳುತ್ತದೆ. ಸೊನ್ನೆಯಿಂದ ಭಾಗಿಸುವುದೆಂಬ ಒಂದು ಸಣ್ಣ ಪ್ರಶ್ನೆಯ ಕಥೆಯನ್ನೇ ನೋಡೋಣ.

ಸೊನ್ನೆಯನ್ನು ಒಂದು ಸಂಖ್ಯೆಯೆಂದೇ ಎಣಿಸಿ, ಅದನ್ನು ಕೂಡುವ, ಕಳೆಯುವ, ಗುಣಿಸುವ ನಿಯಮಗಳನ್ನು ಬ್ರಹ್ಮಗುಪ್ತನು ಕ್ರಿ.ಶ. 628ರಲ್ಲಿ ‘ಬ್ರಾಹ್ಮಸ್ಫುಟಸಿದ್ಧಾಂತ’ದಲ್ಲಿ ಬರೆದಿಟ್ಟನು. ಅಷ್ಟು ದೊಡ್ಡ ಕೆಲಸ ಮಾಡಿದವನು, ಸೊನ್ನೆಯನ್ನು ಸೊನ್ನೆಯಿಂದ ಭಾಗಿಸಿದರೆ ಸೊನ್ನೆಯೇ ಬರುತ್ತದೆ ಎಂದನು. ಇಂದಿನ ಗಣಿತ ಇದನ್ನು ಒಪ್ಪುವುದಿಲ್ಲ.

ಮುಂದೆ ಸುಮಾರು 850ರಲ್ಲಿ ಮಹಾವೀರಾಚಾರ್ಯನು ಬಂದನು. ನಮಗೆ ‘ಕವಿರಾಜಮಾರ್ಗ’ ದೊರೆತ ನೃಪತುಂಗನ ಆಳ್ವಿಕೆಯಲ್ಲೇ ಇವನ ‘ಗಣಿತಸಾರಸಂಗ್ರಹ’ವೂ ಹುಟ್ಟಿತು. ಗ್ರಂಥದ ಆರಂಭದಲ್ಲಿ ಆ ದೊರೆಯ ಹೊಗಳಿಕೆಯಿದೆ. ಗುಣಲಬ್ಧದ ಅಂಕೆಗಳು ಹಾರದಂತೆ ಜೋಡಣೆಗೊಳ್ಳುವ ಲೆಕ್ಕಗಳು ಅದರಲ್ಲಿವೆ: 139ನ್ನು 109ರಿಂದ ಗುಣಿಸಿದರೆ 15151, 12345679ನ್ನು 9ರಿಂದ ಗುಣಿಸಿದರೆ ಒಂಬತ್ತು ಒಂದುಗಳ ಸಾಲು. ಇಂಥ ಪ್ರತಿಭಾವಂತನೂ ಒಂದು ಸಂಖ್ಯೆಯನ್ನು ಸೊನ್ನೆಯಿಂದ ಭಾಗಿಸಿದರೆ ಅದು ಬದಲಾಗದೆ ಉಳಿಯುತ್ತದೆ ಎಂದನು. ಹಂಚಿಕೊಳ್ಳುವವರೇ ಇಲ್ಲದಿದ್ದರೆ ಬುಟ್ಟಿಯ ಮಾವಿನಹಣ್ಣು ಹಾಗೆಯೇ ಉಳಿಯುವುದಷ್ಟೆ, ಎಂದು ಅವನು ಯೋಚಿಸಿರಬಹುದು. ಆದರೆ ತಾಳೆ ನೋಡಿದರೆ ತಪ್ಪು ಹೊರಬೀಳುತ್ತದೆ. 12ನ್ನು ಸೊನ್ನೆಯಿಂದ ಭಾಗಿಸಿ 12 ಬರುವುದಾದರೆ, 12ನ್ನು ಸೊನ್ನೆಯಿಂದ ಗುಣಿಸಿದಾಗ 12 ಬರಬೇಕು, ಬರುವುದು ಸೊನ್ನೆ.

ಮತ್ತೆ ಮುನ್ನೂರು ವರ್ಷ ಕಳೆದವು. ‘ಲೀಲಾವತಿ’ಯನ್ನು 1150ರಲ್ಲಿ ಬರೆದ ಭಾಸ್ಕರಾಚಾರ್ಯನು ಇಂಥ ರಾಶಿಗೆ ‘ಖಹರ’ವೆಂದು ಹೆಸರಿಟ್ಟು, ಅದು ಅನಂತವೆಂದು ‘ಬೀಜಗಣಿತ’ದಲ್ಲಿ ಹೇಳಿದನು. 12ನ್ನು ಅರ್ಧದಿಂದ ಭಾಗಿಸಿದರೆ 24, ನೂರನೆಯ ಒಂದು ಭಾಗದಿಂದ ಭಾಗಿಸಿದರೆ 1200. ಭಾಜಕ ಸಣ್ಣದಾದಷ್ಟೂ ಫಲ ಬೆಳೆಯುತ್ತದೆ. ಸತ್ಯಕ್ಕೆ ಬಹಳ ಹತ್ತಿರ ಬಂದಂತಾಯಿತು. ಆದರೂ 7ಕ್ಕೂ 12ಕ್ಕೂ ಅದೇ ಅನಂತ ಬರುವುದಾದರೆ, ಹಿಂದಿರುಗಿ ಗುಣಿಸಿದಾಗ ಯಾವುದು ಸಿಗಬೇಕು? ಆದ್ದರಿಂದಲೇ ಸಾಮಾನ್ಯ ಅಂಕಗಣಿತದಲ್ಲಿ ಸೊನ್ನೆಯಿಂದ ಭಾಗಾಕಾರಕ್ಕೆ ಅರ್ಥವೇ ಇಲ್ಲವೆಂದು ಇಂದು ಕಲಿಸುತ್ತಾರೆ.

ಐದು ಶತಮಾನ, ಮೂವರು ಮಹಾಪಂಡಿತರು. ಇವರನ್ನು ದಡ್ಡರೆನ್ನುವ ಧೈರ್ಯ ಯಾರಿಗಿದೆ? ಕಠಿಣವಾದ ಪ್ರಶ್ನೆಯನ್ನು ಎತ್ತಿಕೊಂಡದ್ದರಿಂದಲೇ ಅವರು ತಪ್ಪಿದರು. ಅವರು ತಪ್ಪಿದ್ದರಿಂದಲೇ ನಂತರದವರಿಗೆ ದಾರಿ ಕಂಡಿತು. ಮಗುವಿನ ಪಾಟಿಯ ಮೇಲಿನ ತಪ್ಪಿಗೂ ಇದೇ ಮರ್ಯಾದೆ ಸಲ್ಲಬೇಡವೇ?

ಅಮೆರಿಕದ ಮನಶ್ಶಾಸ್ತ್ರಜ್ಞೆಯರಾದ ಕ್ಲಾಡಿಯಾ ಮ್ಯೂಲರ್ ಮತ್ತು ಕ್ಯಾರೊಲ್ ಡ್ವೆಕ್ 1998ರಲ್ಲಿ ಪ್ರಕಟಿಸಿದ ಪ್ರಯೋಗಗಳೂ ಇದಕ್ಕೆ ಹೊಂದುತ್ತವೆ. ಒಗಟಿನಂಥ ಪ್ರಶ್ನೆಗಳನ್ನು ಬಿಡಿಸಿದ ಮಕ್ಕಳಲ್ಲಿ ಕೆಲವರನ್ನು “ನೀನು ಜಾಣ” ಎಂದೂ ಕೆಲವರನ್ನು “ಚೆನ್ನಾಗಿ ಪ್ರಯತ್ನಪಟ್ಟೆ” ಎಂದೂ ಹೊಗಳಿದರು. ಮುಂದೆ ಕಷ್ಟದ ಪ್ರಶ್ನೆಗಳಲ್ಲಿ ಸೋತಾಗ ಜಾಣರೆನಿಸಿಕೊಂಡವರು ಬೇಗ ಕುಗ್ಗಿದರು. ಪ್ರಯತ್ನಕ್ಕೆ ಹೊಗಳಿಕೆ ಪಡೆದವರು ಬಿಡದೆ ಮುಂದುವರಿದರು.

ಪರನಾಡಿನಲ್ಲಿರುವ ನಮಗೆ ಇನ್ನೊಂದು ಹೊಣೆಯೂ ಇದೆ. ನಮ್ಮ ಮಕ್ಕಳು ಶಾಲೆಯಲ್ಲಿ ಲೆಕ್ಕವನ್ನು ಬೇರೆ ಭಾಷೆಯಲ್ಲಿ ಕಲಿಯುತ್ತಾರೆ. ಎಷ್ಟೋ ಸಲ ಎಡವುವುದು ಲೆಕ್ಕದಲ್ಲಲ್ಲ, ಪ್ರಶ್ನೆಯ ವಾಕ್ಯದಲ್ಲಿ. ಸಂಜೆ ಅದೇ ಪ್ರಶ್ನೆಯನ್ನು ಮನೆಮಾತಿನಲ್ಲಿ ಹೇಳಿಸಿ ನೋಡಿ. ಉತ್ತರ ತಪ್ಪಿದ್ದರೆ ಕೆಂಪು ಗೀಟು ಎಳೆಯುವ ಮೊದಲು “ಇದನ್ನು ಹೇಗೆ ಮಾಡಿದೆ, ಹೇಳು ಮರಿ” ಎಂದು ಕೇಳಿ. ತಾಳೆ ನೋಡುವ ಕೆಲಸವನ್ನು ಮಗುವಿಗೇ ಬಿಡಿ. ತನ್ನ ತಪ್ಪನ್ನು ತಾನೇ ಹಿಡಿದ ಮಗು ಮುಂದಿನ ಲೆಕ್ಕಕ್ಕೆ ಹೆದರುವುದಿಲ್ಲ.