ಅಂಗಡಿಗೆ ವೆಬ್‌ಸೈಟ್ ಬೇಕಾ? ಸಾಫ್ಟ್‌ವೇರ್ ಆರಿಸುವ ಮೊದಲು ಬೀಗದ ಕೈ ಯಾರ ಹತ್ತಿರ ಇರುತ್ತೆ ನೋಡಿ

ನಾಪೋಕ್ಲು: ‘ವೆಬ್‌ಸೈಟ್ ಮಾಡಿಕೊಡ್ತೀವಿ, ಮೊದಲ ವರ್ಷ ಫ್ರೀ, ಗೂಗಲ್‌ನಲ್ಲಿ ನಿಮ್ಮದೇ ಮೊದಲ ಸ್ಥಾನ’ ಅಂತ ಫೋನ್ ಬರದ ವ್ಯಾಪಾರಿ ಈಗ ಸಿಗೋದು ಕಷ್ಟ. ಒಬ್ಬೊಬ್ಬರು ಒಂದೊಂದು ಸಾಫ್ಟ್‌ವೇರ್ ಹೆಸರು ಹೇಳ್ತಾರೆ, ಬೆಲೆಯೂ ಒಂದೊಂದು. ಯಾವುದು ಒಳ್ಳೆಯದು ಅಂತ ಕೇಳುವ ಮೊದಲು ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ. ನಾಳೆ ಆ ಕಂಪನಿ ಮುಚ್ಚಿದರೆ, ಅಥವಾ ಮಾಡಿಕೊಟ್ಟವರು ಫೋನ್ ಎತ್ತದಿದ್ದರೆ, ಅಂಗಡಿಯ ಹೆಸರು, ನಂಬರ್, ಗಿರಾಕಿಗಳ ಪಟ್ಟಿ ನಿಮ್ಮ ಕೈಯಲ್ಲಿ ಉಳಿಯುತ್ತಾ?

ನಾಪೋಕ್ಲಿನವರಿಗೆ ಇದು ದೂರದ ಮಾತಲ್ಲ. ಕಕ್ಕಬ್ಬೆ, ಪಾಡಿ ಇಗ್ಗುತಪ್ಪ ದೇವಸ್ಥಾನ, ನಾಲ್ಕುನಾಡು ಅರಮನೆ, ತಡಿಯಂಡಮೋಳ್ ಬೆಟ್ಟಕ್ಕೆ ಹೋಗುವ ಎಷ್ಟೋ ಜನ ಈ ಪಟ್ಟಣ ಹಾದು ಹೋಗ್ತಾರೆ. 2023 ಮತ್ತು 2024ರಲ್ಲಿ ಕೊಡವ ಹಾಕಿ ಉತ್ಸವ ಸತತ ಎರಡು ವರ್ಷ ಇಲ್ಲಿನ ಚೆರಿಯಪರಂಬು ಮೈದಾನದಲ್ಲೇ ನಡೆಯಿತು. ಹೀಗೆ ಬಂದವರು ಊರಿಗೆ ಹೋದ ಮೇಲೆ ಅದೇ ಕಾಫಿ ಪುಡಿ, ಅದೇ ಮೆಣಸು ಬೇಕು ಅಂತ ಹುಡುಕುವುದು ಮೊಬೈಲ್‌ನಲ್ಲಿ. ಅಲ್ಲಿ ನಂಬರ್ ತಪ್ಪಿದ್ದರೆ ವ್ಯಾಪಾರವೂ ತಪ್ಪಿತು.

ಫ್ರೀ ವೆಬ್‌ಸೈಟ್ ಏನಾಯ್ತು?

ಗೂಗಲ್ 2017ರಲ್ಲಿ ಸಣ್ಣ ಅಂಗಡಿಗಳಿಗೆ ಉಚಿತ ವೆಬ್‌ಸೈಟ್ ಕೊಡಲು ಶುರು ಮಾಡಿತು. ವಿಳಾಸದ ಕೊನೆಗೆ ‘ಬಿಸಿನೆಸ್ ಡಾಟ್ ಸೈಟ್’ ಅಂತ ಇರುತ್ತಿತ್ತು. ದೇಶದ ಉದ್ದಗಲಕ್ಕೂ ವ್ಯಾಪಾರಿಗಳು ಅದನ್ನೇ ವಿಸಿಟಿಂಗ್ ಕಾರ್ಡ್, ಬೋರ್ಡ್, ಕೈಚೀಲದ ಮೇಲೆ ಪ್ರಿಂಟ್ ಹಾಕಿಸಿಕೊಂಡರು. 2024ರ ಮಾರ್ಚ್‌ನಲ್ಲಿ ಗೂಗಲ್ ಆ ಸೌಲಭ್ಯವನ್ನೇ ನಿಲ್ಲಿಸಿತು. ಜೂನ್ 10ರವರೆಗೆ ಹಳೇ ವಿಳಾಸ ಒತ್ತಿದವರು ಅಂಗಡಿಯ ಗೂಗಲ್ ಪ್ರೊಫೈಲ್‌ಗೆ ಹೋಗುತ್ತಿದ್ದರು. ಆಮೇಲೆ ಅದೂ ನಿಂತಿತು.

ಗೂಗಲ್ ಮೋಸ ಮಾಡಿತು ಅಂತಲ್ಲ, ಮೊದಲೇ ತಿಳಿಸಿಯೇ ಮುಚ್ಚಿತು. ಆದರೆ ಆ ವಿಳಾಸ ಗೂಗಲ್‌ನದ್ದು, ಅಂಗಡಿಯವರದ್ದಲ್ಲ. ಸ್ವಂತ ವಿಳಾಸ ಇದ್ದವರು ಅದೇ ಹೆಸರನ್ನು ಬೇರೆ ಕಡೆ ತಿರುಗಿಸಿಕೊಂಡು ಮುಂದುವರಿಯಬಹುದಿತ್ತು. ಇಲ್ಲದವರ ಕಾರ್ಡು, ಬೋರ್ಡು ಎಲ್ಲ ದಂಡ. ಸಾಫ್ಟ್‌ವೇರ್ ಯಾವತ್ತೂ ಬಾಡಿಗೆ ಮಳಿಗೆ ಇದ್ದ ಹಾಗೆ. ಬಿಡಬೇಕಾಗಿ ಬಂದ ದಿನ ಬೋರ್ಡನ್ನೂ ಗಿರಾಕಿಯನ್ನೂ ಜೊತೆಗೆ ತಗೊಂಡು ಹೋಗಲು ಆಗಬೇಕು.

ಸ್ವಂತ ಇರಲೇಬೇಕಾದ ಮೂರು

1. ಹೆಸರು. ವೆಬ್ ವಿಳಾಸಕ್ಕೆ ಡೊಮೇನ್ ಅಂತಾರೆ. ‘ಡಾಟ್ ಇನ್’ ವಿಳಾಸಗಳ ಹೊಣೆ ನಿಕ್ಸಿ ಸಂಸ್ಥೆಯದ್ದು, ಮಾರುವವರು ಹಲವು ಏಜೆಂಟ್ ಕಂಪನಿಗಳು. ಡೊಮೇನನ್ನು ಯಾರೂ ಶಾಶ್ವತವಾಗಿ ಕೊಳ್ಳಲು ಆಗಲ್ಲ, ಅವಧಿ ಮುಗಿಯುವಾಗ ನವೀಕರಿಸಬೇಕು. ಮೊದಲ ವರ್ಷ ರಿಯಾಯಿತಿ ಇದ್ದು ಎರಡನೇ ವರ್ಷ ದರ ಏರುವುದು ಮಾಮೂಲಿ, ಹಾಗಾಗಿ ನವೀಕರಣದ ದರ ಕೇಳಿಯೇ ತಗೊಳ್ಳಿ. ನೋಂದಣಿ ಮಾಲೀಕರ ಹೆಸರು, ಮಾಲೀಕರ ಇಮೇಲ್, ಮಾಲೀಕರ ಮೊಬೈಲ್‌ನಲ್ಲೇ ಇರಲಿ. ಅವಧಿ ಮುಗಿದು ಗಡುವೂ ದಾಟಿದರೆ ಅದೇ ಹೆಸರನ್ನು ಬೇರೆ ಯಾರು ಬೇಕಾದರೂ ತಗೊಳ್ಳಬಹುದು.

2. ನಂಬರ್. ವಾಟ್ಸ್‌ಆ್ಯಪ್ ಬಿಸಿನೆಸ್ ಯಾವ ನಂಬರಿನಲ್ಲಿದೆಯೋ ಅದೇ ಈಗ ಅಂಗಡಿಯ ಬಾಗಿಲು. ಕೆಲಸದ ಹುಡುಗನ ಸಿಮ್‌ನಲ್ಲಿ ಶುರು ಮಾಡಿದರೆ ಅವನು ಕೆಲಸ ಬಿಟ್ಟ ದಿನ ನಂಬರೂ ಹೋಯ್ತು. ಬೋರ್ಡ್ ಮೇಲಿರುವ ಹಳೇ ಲ್ಯಾಂಡ್‌ಲೈನ್ ನಂಬರಿಗೂ ವಾಟ್ಸ್‌ಆ್ಯಪ್ ಬಿಸಿನೆಸ್ ಹಾಕಬಹುದು. ಎಸ್‌ಎಂಎಸ್ ಬದಲು ‘ಕರೆ ಮಾಡಿ’ ಅನ್ನುವ ಆಯ್ಕೆ ಒತ್ತಿದರೆ ಕೋಡ್ ಫೋನ್‌ನಲ್ಲೇ ಹೇಳ್ತಾರೆ. ಎರಡು ಹಂತದ ಪಿನ್ ಹಾಕಿಕೊಳ್ಳುವುದು ಮರೆಯಬೇಡಿ.

3. ಗಿರಾಕಿಗಳ ಪಟ್ಟಿ. ಯಾರು, ಯಾವಾಗ, ಏನು ತಗೊಂಡರು ಅನ್ನುವುದನ್ನು ಎಕ್ಸೆಲ್ ಅಥವಾ ಸಿಎಸ್‌ವಿ ಫೈಲ್ ಆಗಿ ಇಳಿಸಿಕೊಳ್ಳಲು ಬಿಡದ ಸಾಫ್ಟ್‌ವೇರ್ ಬೇಡ. ಇಳಿಸಿಕೊಂಡದ್ದನ್ನು ಜೋಪಾನ ಮಾಡುವ ಹೊಣೆ ನಿಮ್ಮದು. ಗಿರಾಕಿಯ ಆಧಾರ್ ಫೋಟೋ ಅಂಗಡಿ ವಾಟ್ಸ್‌ಆ್ಯಪ್ ಗ್ರೂಪ್‌ನಲ್ಲಿ ಓಡಾಡಬಾರದು.

ಯಾರಿಗೆ ಯಾವುದು ಸಾಕು?

ದಿನಸಿ, ಬೇಕರಿ, ಹಾರ್ಡ್‌ವೇರ್, ವರ್ಕ್‌ಶಾಪ್: ಇವರಿಗೆ ಸದ್ಯಕ್ಕೆ ವೆಬ್‌ಸೈಟೇ ಬೇಕಿಲ್ಲ. ಗೂಗಲ್ ಬಿಸಿನೆಸ್ ಪ್ರೊಫೈಲ್ ಮತ್ತು ವಾಟ್ಸ್‌ಆ್ಯಪ್ ಬಿಸಿನೆಸ್ ಸಾಕು. ಎರಡಕ್ಕೂ ದುಡ್ಡಿಲ್ಲ. ಗೂಗಲ್ ಮ್ಯಾಪ್‌ನಲ್ಲಿ ಅಂಗಡಿ ಕಾಣಿಸುವುದು ಪ್ರೊಫೈಲ್‌ನಿಂದ. ಅಂಗಡಿ ನಿಜವಾಗಿ ಇದೆ, ನಡೆಸುವವರು ನೀವೇ ಅಂತ ತೋರಿಸಲು ಗೂಗಲ್ ಹೆಚ್ಚಾಗಿ ವಿಡಿಯೋ ಕೇಳುತ್ತೆ. ಬೋರ್ಡ್, ರಸ್ತೆ, ಒಳಗಿನ ಸಾಮಾನು, ಬಾಗಿಲು ತೆಗೆಯುವುದನ್ನು ತೋರಿಸಿದರೆ ಆಯ್ತು. ಬೇರೆಯವರ ಕೈಲಿ ಮಾಡಿಸಿದರೂ ‘ಮುಖ್ಯ ಮಾಲೀಕ’ ಜಾಗದಲ್ಲಿ ನಿಮ್ಮ ಇಮೇಲ್ ಇರಲಿ, ಅವರನ್ನು ‘ಮ್ಯಾನೇಜರ್’ ಆಗಿ ಮಾತ್ರ ಸೇರಿಸಿ. ವಾಟ್ಸ್‌ಆ್ಯಪ್ ಬಿಸಿನೆಸ್ ಕ್ಯಾಟಲಾಗ್‌ನಲ್ಲಿ 500 ಸಾಮಾನಿನವರೆಗೆ ಫೋಟೋ, ಬೆಲೆ ಹಾಕಬಹುದು. ಸಣ್ಣ ಅಂಗಡಿಗೆ ಅಷ್ಟು ಧಾರಾಳ.

ಕಾಫಿ ಪುಡಿ, ಮೆಣಸು, ಜೇನು, ಕಾಚಂಪುಳಿ ಪಾರ್ಸೆಲ್ ಕಳಿಸುವವರು: ತಿಂಗಳಿಗೆ ನಾಲ್ಕೈದು ಆರ್ಡರ್ ಇರುವವರೆಗೆ ವಾಟ್ಸ್‌ಆ್ಯಪ್, ಯುಪಿಐ ಸಾಕು. ಆರ್ಡರ್ ಹೆಚ್ಚಾಗಿ, ವಿಳಾಸ ಬರೆದುಕೊಳ್ಳುವುದರಲ್ಲೇ ತಪ್ಪು ಆಗಲು ಶುರುವಾದಾಗ ಸ್ವಂತ ಅಂಗಡಿ ಸೈಟ್ ಯೋಚಿಸಬಹುದು. ಆಗ ಎರಡು ದಾರಿ.

ಒಂದು, ಶಾಪಿಫೈ, ಜೋಹೊ ಕಾಮರ್ಸ್, ವಿಕ್ಸ್ ಥರದ ತಿಂಗಳ ಬಾಡಿಗೆ ಸಾಫ್ಟ್‌ವೇರ್. ಭದ್ರತೆ, ಅಪ್‌ಡೇಟ್ ಎಲ್ಲ ಅವರೇ ನೋಡಿಕೊಳ್ತಾರೆ. ಮೊಬೈಲ್‌ನಲ್ಲೇ ಬೆಲೆ ಬದಲಾಯಿಸಬಹುದು. ಬಾಡಿಗೆ ನಿಂತರೆ ಅಂಗಡಿಯೂ ನಿಲ್ಲುತ್ತೆ. ಶಾಪಿಫೈನಿಂದ ಸಾಮಾನು, ಗಿರಾಕಿ, ಆರ್ಡರ್ ಪಟ್ಟಿ ಇಳಿಸಿಕೊಳ್ಳಬಹುದು. ವಿಕ್ಸ್‌ನಲ್ಲಿ ಕಟ್ಟಿದ ಸೈಟನ್ನು ಇದ್ದ ಹಾಗೇ ಬೇರೆ ಕಂಪನಿಗೆ ಒಯ್ಯಲು ಆಗಲ್ಲ, ಹೊಸದಾಗಿ ಕಟ್ಟಬೇಕು.

ಇನ್ನೊಂದು, ವರ್ಡ್‌ಪ್ರೆಸ್ ಮತ್ತು ಅದರ ಮೇಲೆ ಕೂರುವ ವೂಕಾಮರ್ಸ್. ಜಗತ್ತಿನ ವೆಬ್‌ಸೈಟ್‌ಗಳಲ್ಲಿ ಹತ್ತಕ್ಕೆ ಸುಮಾರು ನಾಲ್ಕು ವರ್ಡ್‌ಪ್ರೆಸ್‌ನಲ್ಲೇ ಇವೆ. ಸಾಫ್ಟ್‌ವೇರ್ ಉಚಿತ, ಸೈಟ್ ಇಡುವ ಜಾಗಕ್ಕೆ ಅಂದರೆ ಹೋಸ್ಟಿಂಗ್‌ಗೆ ಮಾತ್ರ ದುಡ್ಡು. ಹೋಸ್ಟಿಂಗ್ ಸರಿ ಬರದಿದ್ದರೆ ಇಡೀ ಸೈಟ್ ಎತ್ತಿಕೊಂಡು ಬೇರೆ ಕಡೆ ಹೋಗಬಹುದು. ಆದರೆ ಅಪ್‌ಡೇಟ್, ಬ್ಯಾಕಪ್ ನೋಡಿಕೊಳ್ಳಲು ಒಬ್ಬರು ಬೇಕೇ ಬೇಕು. ನೋಡದೆ ಬಿಟ್ಟ ವರ್ಡ್‌ಪ್ರೆಸ್ ಸೈಟ್ ಬೇಲಿ ಇಲ್ಲದ ತೋಟ.

ದುಡ್ಡಿನ ಲೆಕ್ಕ ಹೀಗೆ ಹಾಕಿ. ಕಾರ್ಡ್, ನೆಟ್ ಬ್ಯಾಂಕಿಂಗ್ ಎಲ್ಲ ಸ್ವೀಕರಿಸುವ ಪೇಮೆಂಟ್ ಗೇಟ್‌ವೇ ಸಾಮಾನ್ಯವಾಗಿ ಶೇ 2ರ ಸುತ್ತ ಹಿಡಿಯುತ್ತೆ, ಆ ಶುಲ್ಕದ ಮೇಲೆ ಶೇ 18 ಜಿಎಸ್‌ಟಿ. ₹500ರ ಪುಡಿಗೆ ₹10, ಜಿಎಸ್‌ಟಿ ಸೇರಿ ₹11.80. ಸಾಫ್ಟ್‌ವೇರ್ ಬಾಡಿಗೆ ತಿಂಗಳಿಗೆ ₹2,000 ಅಂತ ಇಟ್ಟುಕೊಂಡರೆ, 40 ಆರ್ಡರ್ ಬಂದಾಗ ಒಂದಕ್ಕೆ ₹50 ಬೀಳುತ್ತೆ. ಹತ್ತೇ ಆರ್ಡರ್ ಆದರೆ ₹200. ಅಲ್ಲಿಗೆ ಲಾಭ ಹೋಯ್ತು. ಪಾರ್ಸೆಲ್ ಖರ್ಚು ಇನ್ನೂ ಸೇರಿಸಿಲ್ಲ.

ತೆರಿಗೆ ವಿಷಯವೂ ಇದೆ. ಸರಕು ಮಾರುವವರಿಗೆ ಕರ್ನಾಟಕದಲ್ಲಿ ವರ್ಷಕ್ಕೆ ₹40 ಲಕ್ಷ ವಹಿವಾಟಿನವರೆಗೆ ಜಿಎಸ್‌ಟಿ ನೋಂದಣಿ ಕಡ್ಡಾಯ ಅಲ್ಲ ಅನ್ನುವುದು ಹೆಚ್ಚಿನವರಿಗೆ ಗೊತ್ತು. ತೆರಿಗೆ ಇರುವ ಸರಕನ್ನು ಬೇರೆ ರಾಜ್ಯಕ್ಕೆ ಮಾರಿದರೆ ಆ ವಿನಾಯಿತಿ ನಡೆಯಲ್ಲ ಅನ್ನುವುದು ಅಷ್ಟು ಜನಕ್ಕೆ ಗೊತ್ತಿಲ್ಲ. ಮಾಕುಟ್ಟ ದಾಟಿ ಇರಿಟ್ಟಿಗೆ ಹೋಗುವ ಕಾಫಿ ಪುಡಿಯೂ ಅಂತರರಾಜ್ಯ ಮಾರಾಟವೇ. ವೆಬ್‌ಸೈಟ್ ಅಂದರೆ ಎಲ್ಲ ರಾಜ್ಯಕ್ಕೂ ಬಾಗಿಲು ತೆರೆದ ಹಾಗೆ. ಯುಪಿಐ ವಹಿವಾಟು ನೋಡಿ ವಾಣಿಜ್ಯ ತೆರಿಗೆ ಇಲಾಖೆ 2025ರ ಜುಲೈನಲ್ಲಿ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟದ್ದು ನೆನಪಿರಲಿ. ಸೈಟ್ ತೆರೆಯುವ ಮೊದಲು ಲೆಕ್ಕಪತ್ರ ನೋಡುವವರನ್ನು ಒಮ್ಮೆ ಕೇಳಿ. ತಿನ್ನುವ ಪದಾರ್ಥ ಆದರೆ ಎಫ್‌ಎಸ್‌ಎಸ್‌ಎಐ ಸಂಖ್ಯೆಯೂ ಬೇಕು.

ಹೋಂಸ್ಟೇ: ಇವರಿಗೆ ಬೇಕಾದ್ದು ಕೋಣೆ ಖಾಲಿ ಇದೆಯಾ ಇಲ್ಲವಾ ಅಂತ ತೋರಿಸುವ ಕ್ಯಾಲೆಂಡರ್. ಬುಕಿಂಗ್ ಡಾಟ್ ಕಾಮ್, ಮೇಕ್ ಮೈ ಟ್ರಿಪ್, ಏರ್‌ಬಿಎನ್‌ಬಿ ಥರದ ತಾಣಗಳು ಗಿರಾಕಿ ತಂದು ಕೊಡ್ತವೆ, ಕಮಿಷನ್ ಶೇ 15 ಅಥವಾ ಅದಕ್ಕಿಂತ ಹೆಚ್ಚೂ ಆಗಬಹುದು. ಸ್ವಂತ ಸೈಟ್ ಇದ್ದರೆ ಎರಡನೇ ಸಲ ಬರುವವರು ನೇರ ಬುಕ್ ಮಾಡ್ತಾರೆ. ಎರಡು ಮೂರು ಕಡೆ ಹಾಕಿದ್ದರೆ ‘ಐಕಾಲ್’ ಕೊಂಡಿ ಮೂಲಕ ಕ್ಯಾಲೆಂಡರ್ ಜೋಡಿಸಬಹುದು. ಅದು ತಕ್ಷಣ ಬದಲಾಗಲ್ಲ, ಕೆಲವೊಮ್ಮೆ ಗಂಟೆಗಟ್ಟಲೆ ತಡ ಆಗುತ್ತೆ. ಸಾಲು ರಜೆಯಲ್ಲಿ ಒಂದೇ ಕೋಣೆ ಇಬ್ಬರಿಗೆ ಬುಕ್ ಆಗುವುದು ಹೀಗೆಯೇ. ಅಂಥ ದಿನಗಳಲ್ಲಿ ಒಂದೇ ತಾಣ ತೆರೆದಿಡುವುದು ಕ್ಷೇಮ.

ಹೋಂಸ್ಟೇ ಹೆಸರಲ್ಲಿ ನಕಲಿ ಸೈಟ್ ಮಾಡಿ ಮುಂಗಡ ಹೊಡೆಯುವವರೂ ಇದ್ದಾರೆ. ಪ್ರವಾಸಿಗರನ್ನು ಬುಕಿಂಗ್ ಹೆಸರಲ್ಲಿ ವಂಚಿಸುವ ನಕಲಿ ವೆಬ್‌ಸೈಟ್‌ಗಳ ಬಗ್ಗೆ ಕೇಂದ್ರ ಗೃಹ ಸಚಿವಾಲಯದ ಸೈಬರ್ ಅಪರಾಧ ವಿಭಾಗ 2025ರ ಏಪ್ರಿಲ್‌ನಲ್ಲಿ ಎಚ್ಚರಿಕೆ ಕೊಟ್ಟಿತ್ತು. ಪ್ರವಾಸೋದ್ಯಮ ಇಲಾಖೆಯ ನೋಂದಣಿ ಸಂಖ್ಯೆ, ದುಡ್ಡು ಹಾಕಬೇಕಾದ ಒಂದೇ ಯುಪಿಐ ಐಡಿ, ಒಂದೇ ಫೋನ್ ನಂಬರ್ ಸೈಟ್‌ನ ಮುಖಪುಟದಲ್ಲಿ ಹಾಕಿ. ಗಿರಾಕಿಗೆ ಹೋಲಿಸಿ ನೋಡಲು ಒಂದು ಅಸಲಿ ಇರಬೇಕಲ್ಲ.

ಮಳೆಗಾಲದ ಪರೀಕ್ಷೆ

ಬೆಂಗಳೂರಿನಲ್ಲಿ ಕೂತು ತೋರಿಸುವ ಡೆಮೋ ಚೆನ್ನಾಗಿಯೇ ಇರುತ್ತೆ. ಇಲ್ಲಿ ಜುಲೈನಲ್ಲಿ ಕರೆಂಟ್ ಹೋಗಿ, ಟವರ್ ಬಿದ್ದು, ಒಂದು ಕಡ್ಡಿ ಸಿಗ್ನಲ್ ಇರುವಾಗ ನಡೆಯುತ್ತಾ ನೋಡಬೇಕು. ಕಾವೇರಿ ಉಕ್ಕಿ ಭಾಗಮಂಡಲ ರಸ್ತೆ ಮುಚ್ಚಿದರೆ ‘ಈ ದಾರಿಯಲ್ಲಿ ಬರಬೇಡಿ’ ಅಂತ ಮುಖಪುಟದಲ್ಲಿ ಹಾಕಲು ಕಂಪ್ಯೂಟರ್ ಬೇಕಾ, ಮೊಬೈಲ್ ಸಾಕಾ? 2018ರ ಆಗಸ್ಟ್‌ನ ಭೂಕುಸಿತದ ಹೊತ್ತಲ್ಲಿ ಜಿಲ್ಲೆಗೆ ಪ್ರವಾಸಿಗರು ಬರದಂತೆ ನಿರ್ಬಂಧ ಹಾಕಲಾಗಿತ್ತು. ಅಂಥ ದಿನ ಬುಕಿಂಗ್ ಒಂದೇ ಸಲಕ್ಕೆ ನಿಲ್ಲಿಸಲು, ಮುಂಗಡ ವಾಪಸ್ ಮಾಡಲು ಸಾಫ್ಟ್‌ವೇರ್‌ನಲ್ಲಿ ದಾರಿ ಇದೆಯಾ ಕೇಳಿ. ನೀವು ಉತ್ತರಿಸಲು ಆಗದಾಗ ಗಿರಾಕಿಗೆ ಉತ್ತರ ಹೋಗಲು ವಾಟ್ಸ್‌ಆ್ಯಪ್ ಬಿಸಿನೆಸ್‌ನಲ್ಲಿ ‘ಸದ್ಯ ಲಭ್ಯವಿಲ್ಲ’ ಸಂದೇಶವನ್ನು ಮೊದಲೇ ಹಾಕಿಡಿ, ಆದರೆ ನಿಮ್ಮ ಫೋನ್‌ಗೆ ಇಂಟರ್‌ನೆಟ್ ಇದ್ದರೆ ಮಾತ್ರ ಅದು ಹೋಗುತ್ತೆ. ಸೈಟ್‌ನಲ್ಲಿ ದೊಡ್ಡ ದೊಡ್ಡ ಫೋಟೋ, ವಿಡಿಯೋ ತುಂಬಿಸಿದರೆ ಬೆಟ್ಟದ ಬುಡದಲ್ಲಿ ನಿಂತ ಪ್ರವಾಸಿಗೆ ಅದು ತೆರೆಯಲ್ಲ.

ಪ್ರಚಾರಕ್ಕೆ ದುಡ್ಡು ಹಾಕುವ ಮೊದಲು

‘ಒಂದೇ ಸಲ ಹತ್ತು ಸಾವಿರ ಜನಕ್ಕೆ ವಾಟ್ಸ್‌ಆ್ಯಪ್’ ಅನ್ನುವ ಅಗ್ಗದ ಸಾಫ್ಟ್‌ವೇರ್ ಬೇಡವೇ ಬೇಡ. ಅನುಮತಿ ಇಲ್ಲದ ಬಲ್ಕ್ ಸಂದೇಶ ವಾಟ್ಸ್‌ಆ್ಯಪ್ ನಿಯಮಕ್ಕೆ ವಿರುದ್ಧ, ನಂಬರ್ ಬ್ಯಾನ್ ಆಗಬಹುದು. ಬ್ಯಾನ್ ಆಗುವುದು ಸಾಫ್ಟ್‌ವೇರ್ ಮಾರಿದವರ ನಂಬರ್ ಅಲ್ಲ, ನಿಮ್ಮ ಬೋರ್ಡಿನ ಮೇಲಿರುವ ನಂಬರ್. ಅಧಿಕೃತ ದಾರಿ ಇದೆ, ಅದರಲ್ಲಿ ಸಂದೇಶಕ್ಕೆ ಇಷ್ಟು ಅಂತ ಶುಲ್ಕ. ಬಲ್ಕ್ ಎಸ್‌ಎಂಎಸ್‌ಗೂ ಟ್ರಾಯ್ ನಿಯಮದ ಪ್ರಕಾರ ಡಿಎಲ್‌ಟಿ ನೋಂದಣಿ ಬೇಕು.

ಫೇಸ್‌ಬುಕ್, ಇನ್‌ಸ್ಟಾಗ್ರಾಂ ಜಾಹೀರಾತಿಗೆ ದಿನಕ್ಕೆ ಇಷ್ಟೇ ಅಂತ ಮಿತಿ ಹಾಕಬಹುದು, ಯಾವ ಊರಿನವರಿಗೆ ಕಾಣಬೇಕು ಅಂತಲೂ ಆರಿಸಬಹುದು. ವಾರ ಓಡಿಸಿ, ಎಷ್ಟು ಫೋನ್ ಬಂತು ಅಂತ ನೋಟ್‌ಬುಕ್‌ನಲ್ಲಿ ಬರೆದಿಡಿ. ಲೈಕ್ ಎಷ್ಟು ಅನ್ನುವ ಲೆಕ್ಕದಿಂದ ಗಲ್ಲಾಪೆಟ್ಟಿಗೆ ತುಂಬಲ್ಲ.

ದುಡ್ಡು ಕೊಡುವ ಮೊದಲು ಕೇಳಬೇಕಾದ ಆರು ಪ್ರಶ್ನೆ

1. ಡೊಮೇನ್ ಯಾರ ಹೆಸರಲ್ಲಿ ನೋಂದಣಿ ಆಗುತ್ತೆ? ಲಾಗಿನ್ ನನಗೆ ಕೊಡ್ತೀರಾ?
2. ಎರಡನೇ ವರ್ಷಕ್ಕೆ ಒಟ್ಟು ಎಷ್ಟು, ಜಿಎಸ್‌ಟಿ ಸೇರಿ?
3. ಬಿಡುವುದಾದರೆ ಸಾಮಾನು, ಗಿರಾಕಿಗಳ ಪಟ್ಟಿ ಯಾವ ಫೈಲ್ ಆಗಿ ಸಿಗುತ್ತೆ?
4. ಬೆಲೆ, ಫೋನ್ ನಂಬರ್ ನಾನೇ ಮೊಬೈಲ್‌ನಲ್ಲಿ ಬದಲಾಯಿಸಬಹುದಾ? ಈಗಲೇ ಮಾಡಿ ತೋರಿಸಿ.
5. ಕನ್ನಡ ಅಕ್ಷರ ಬಿಲ್‌ನಲ್ಲಿ, ಆರ್ಡರ್‌ನಲ್ಲಿ ಸರಿಯಾಗಿ ಬರುತ್ತಾ?
6. ಬ್ಯಾಕಪ್ ಎಲ್ಲಿದೆ, ಎಷ್ಟು ದಿನಕ್ಕೊಮ್ಮೆ?

ಉತ್ತರವನ್ನು ಬಾಯಿಮಾತಲ್ಲಿ ಬಿಡದೆ ಬರೆದು ಕೊಡಲು ಹೇಳಿ. ಬರೆದು ಕೊಡದವರಿಗೆ ಮುಂಗಡ ಕೊಡಬೇಡಿ.

ಗೂಗಲ್ ಹೆಸರಲ್ಲಿ ಫೋನ್ ಬಂದರೆ: ಬಿಸಿನೆಸ್ ಪ್ರೊಫೈಲ್ ಇಟ್ಟುಕೊಳ್ಳಲು, ದೃಢೀಕರಿಸಲು ಗೂಗಲ್ ದುಡ್ಡು ತಗೊಳ್ಳಲ್ಲ. ‘ಇವತ್ತು ಕಟ್ಟದಿದ್ದರೆ ಅಂಗಡಿ ಮ್ಯಾಪ್‌ನಿಂದ ತೆಗೀತೀವಿ’ ಅಂದರೆ ಫೋನ್ ಇಡಿ. ಒಟಿಪಿ ಯಾರಿಗೂ ಹೇಳಬೇಡಿ. ದುಡ್ಡು ಹೋಗಿದ್ದರೆ ತಡ ಮಾಡದೆ 1930ಕ್ಕೆ ಕರೆ ಮಾಡಿ. ಬೇಗ ತಿಳಿಸಿದಷ್ಟು ಆ ಹಣ ತಡೆಹಿಡಿಯುವ ಸಾಧ್ಯತೆ ಹೆಚ್ಚು.

ಈ ವಾರವೇ ಮಾಡಬಹುದಾದ ಕೆಲಸ ಒಂದಿದೆ, ಖರ್ಚಿಲ್ಲ. ಗೂಗಲ್‌ನಲ್ಲಿ ನಿಮ್ಮ ಅಂಗಡಿ ಹೆಸರು ಹಾಕಿ, ಅಲ್ಲಿ ಕಾಣುವ ನಂಬರಿಗೆ ಒಮ್ಮೆ ಫೋನ್ ಮಾಡಿ ನೋಡಿ. ರಿಂಗ್ ಆಗುವುದು ನಿಮ್ಮ ಫೋನೇ ಆಗಿರಬೇಕು. ಅಲ್ಲದಿದ್ದರೆ ಮೊದಲು ಅದನ್ನು ಸರಿ ಮಾಡಿಸಿ. ಹೊಸ ಸಾಫ್ಟ್‌ವೇರ್ ಮಾತು ಆಮೇಲೆ.