ಮಾರಿ, ಕಾಯಿದೆ, ಗುಳೆ: 1896ರ ಮುಂಬಯಿ ಪ್ಲೇಗನ್ನು ಕುರಿತು

ಮುಂಬಯಿ ಕನ್ನಡಿಗರ ಚರಿತ್ರೆಯನ್ನು ಬರೆಯಹೊರಟವರು ಸಾಮಾನ್ಯವಾಗಿ ಸಂಘಸಂಸ್ಥೆಗಳು ಹುಟ್ಟಿದ ವರ್ಷಗಳನ್ನು ಹಿಡಿದು ಮುಂದುವರಿಯುತ್ತಾರೆ. ಮೊಗವೀರ ವ್ಯವಸ್ಥಾಪಕ ಮಂಡಳಿ 1902ರಲ್ಲಿ, ಮೈಸೂರು ಅಸೋಸಿಯೇಷನ್ 1926ರಲ್ಲಿ, ಕರ್ನಾಟಕ ಸಂಘ 1933ರಲ್ಲಿ, ಹೀಗೆ. ಇದು ನೆಲೆ ನಿಂತವರ ಚರಿತ್ರೆ. ಬಂದ ದಾರಿಯಲ್ಲಿಯೇ ಹಿಂದಿರುಗಿ ಹೋದವರಿಗೆ ಇದರಲ್ಲಿ ಸ್ಥಾನವಿಲ್ಲ. ಅಂಥವರು ಒಮ್ಮೆಲೇ ಲಕ್ಷಗಟ್ಟಲೆ ಹೊರಬಿದ್ದ ಸಂದರ್ಭವೊಂದನ್ನು ಇಲ್ಲಿ ಪರಿಶೀಲಿಸಲು ಬಯಸುತ್ತೇವೆ. 1896ರಲ್ಲಿ ಕಾಣಿಸಿಕೊಂಡ ಪ್ಲೇಗು ನಗರವನ್ನು ಕದಡಿತೆಂಬುದು ಎಲ್ಲರಿಗೂ ತಿಳಿದ ವಿಷಯ. ಆದರೆ ಆ ಕದಡುವಿಕೆಯಲ್ಲಿ ರೋಗದ ಪಾಲೆಷ್ಟು, ರೋಗವನ್ನು ತಡೆಯಲು ಕೈಗೊಂಡ ಕ್ರಮಗಳ ಪಾಲೆಷ್ಟು ಎಂಬುದನ್ನು ಬಿಡಿಸಿ ನೋಡುವ ಅಗತ್ಯವಿದೆ.

ಹೊರನಾಡಿನ ಸಂಶೋಧಕರಿಗೆ ಒಂದು ಸಂಗತಿಯನ್ನು ನೆನಪಿಸುವುದು ಉಚಿತ. ಧಾರವಾಡ, ಬೆಳಗಾವಿ, ಬಿಜಾಪುರ, ಉತ್ತರ ಕನ್ನಡ ಜಿಲ್ಲೆಗಳು ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದವು. ಮುಂಬಯಿಯ ಸರಕಾರ ಹೊರಡಿಸಿದ ಆಜ್ಞೆ ಹುಬ್ಬಳ್ಳಿಗೂ ಅನ್ವಯಿಸುತ್ತಿತ್ತು. ಆದುದರಿಂದ ಮುಂಬಯಿಯ ಪ್ಲೇಗು ಕನ್ನಡನಾಡಿನ ಚರಿತ್ರೆಯ ಅಧ್ಯಾಯವೂ ಹೌದು.

1896ರ ಸೆಪ್ಟೆಂಬರಿನಲ್ಲಿ ಬಂದರಿಗೆ ಅಂಟಿಕೊಂಡ ಮಾಂಡವಿ ಪ್ರದೇಶದಲ್ಲಿ ಡಾ. ಅಕಾಸಿಯೊ ವಿಯೇಗಸ್ ಅವರು ರೋಗವನ್ನು ಗುರುತಿಸಿದರು. ಮಾಂಡವಿ ಧಾನ್ಯದ ಗೋದಾಮುಗಳ ಕೇರಿ; ಧಾನ್ಯವಿದ್ದಲ್ಲಿ ಇಲಿ. ರೋಗಾಣುವನ್ನು ಯೆರ್ಸಿನ್ 1894ರಲ್ಲಿಯೇ ಹಾಂಗ್‌ಕಾಂಗಿನಲ್ಲಿ ಕಂಡುಹಿಡಿದಿದ್ದರೂ, ಇಲಿಯ ಮೈಮೇಲಿನ ಚಿಗಟದಿಂದ ಅದು ಹರಡುತ್ತದೆಂಬ ಸಿಮೋಂಡನ ಪ್ರತಿಪಾದನೆ ಬಂದದ್ದು 1898ರಲ್ಲಿ. ಅದಕ್ಕೆ ಮನ್ನಣೆ ದೊರೆಯಲು ಇನ್ನೂ ಕೆಲವು ವರ್ಷಗಳು ಬೇಕಾದವು. ಅಲ್ಲಿಯವರೆಗೆ ಅಧಿಕಾರಿಗಳ ಕಣ್ಣಿಗೆ ರೋಗದ ನೆಲೆ ಎಂದರೆ ಬಡವರ ಮನೆ, ಬಡವರ ಬಟ್ಟೆಬರೆ, ಬಡವರ ದೇಹ. ಚರಂಡಿಗಳಿಗೆ ಸಮುದ್ರದ ನೀರನ್ನೂ ಕಾರ್ಬಾಲಿಕ್ ದ್ರಾವಣವನ್ನೂ ಹಾಯಿಸಿದರು, ಬೆಳಕು ಬರಲೆಂದು ಮನೆಗಳ ಹೆಂಚು ತೆಗೆಸಿದರು, ಹಾಸಿಗೆ ವಸ್ತ್ರಗಳನ್ನು ಸುಟ್ಟರು.

ಅಕ್ಟೋಬರ್ 6ರಂದು ಮುನಿಸಿಪಲ್ ಕಮಿಷನರ್ ಸ್ನೋ ಹೊರಡಿಸಿದ ಪ್ರಕಟಣೆಯಂತೆ ರೋಗಿಗಳನ್ನು ಬಲವಂತವಾಗಿ ಆಸ್ಪತ್ರೆಗೆ ಸಾಗಿಸಬಹುದಾಗಿತ್ತು. ಅದೇ ತಿಂಗಳ 29ರಂದು ಗಿರಣಿ ಕಾರ್ಮಿಕರ ದೊಡ್ಡ ಗುಂಪೊಂದು ಆರ್ಥರ್ ರಸ್ತೆಯ ಆಸ್ಪತ್ರೆಯ ಮೇಲೆ ದಾಳಿ ಮಾಡಿತು. ಪ್ರಕಟಣೆ ಸಡಿಲಗೊಂಡಿತು. ಇಲ್ಲಿ ಸ್ನೋನನ್ನು ಕಾಡಿದ ಭಯ ಗಮನಾರ್ಹವಾದುದು. ಜಾಡಮಾಲಿಗಳು ಊರು ಬಿಟ್ಟರೆ ನಗರದಲ್ಲಿ ಮನುಷ್ಯವಾಸವೇ ಅಸಾಧ್ಯವೆಂಬುದು ಅವನಿಗೆ ತಿಳಿದಿತ್ತು. ಆಳುವವರು ಜನರ ಕಾಲಿನ ಶಕ್ತಿಯನ್ನು ಅರಿತದ್ದು ಹೀಗೆ.

ಆದರೂ 1897ರ ಫೆಬ್ರವರಿ 4ರಂದು ಸಾಂಕ್ರಾಮಿಕ ರೋಗಗಳ ಕಾಯಿದೆ ಜಾರಿಗೆ ಬಂದಿತು. ಗಾತ್ರದಲ್ಲಿ ಅತಿ ಚಿಕ್ಕದು. ಕೊಟ್ಟ ಅಧಿಕಾರ ಮಾತ್ರ ಅಪಾರ. ಮಾರ್ಚಿನಲ್ಲಿ ಸೇನಾಧಿಕಾರಿ ಗ್ಯಾಟಕರ್‌ನ ನೇತೃತ್ವದ ಪ್ಲೇಗು ಸಮಿತಿ ನಗರದ ಹೊಣೆಯನ್ನು ವಹಿಸಿಕೊಂಡಿತು. ಮನೆ ಮನೆ ಶೋಧ ನಡೆಯಿತು. ರೈಲು ನಿಲ್ದಾಣಗಳಲ್ಲಿ ಹೆಂಗಸರೆನ್ನದೆ ಗಂಡಸರೆನ್ನದೆ ಕಂಕುಳು ತೊಡೆಸಂದುಗಳ ಗಂಟುಗಳಿಗಾಗಿ ತಪಾಸಣೆ ನಡೆಯಿತು. ಜನ ರೋಗಿಗಳನ್ನು ಬಚ್ಚಿಟ್ಟರು, ಸಾವನ್ನೂ ಬಚ್ಚಿಟ್ಟರು. ಜನ್ನನ ಯಶೋಧರ ಚರಿತೆಯನ್ನು ಓದಿದವರಿಗೆ ಮಾರಿಯ ಜಾತ್ರೆಯ ಬಲಿಗಾಗಿ ಅರಸನ ಆಳು ಎಳೆಯರಿಬ್ಬರನ್ನು ಹಿಡಿದು ತರುವ ಸನ್ನಿವೇಶ ನೆನಪಿಗೆ ಬರಬಹುದು. ಅಲ್ಲಿ ದೇವತೆಗಿಂತ ಮೊದಲು ಎದುರಾಗುವವನು ಹಿಡಿಯಲು ಬಂದ ಆಳು. ಮುಂಬಯಿಯ ಚಾಳುಗಳಲ್ಲಿಯೂ ಮಾರಿಗಿಂತ ಮುಂಚೆ ಬಾಗಿಲು ತಟ್ಟಿದ್ದು ಪ್ಲೇಗು ತನಿಖೆಯ ದಂಡು.

1897ರ ಆರಂಭದ ತಿಂಗಳುಗಳಲ್ಲಿ ನಗರದ ಅರ್ಧದಷ್ಟು ಜನ ಹೊರಟುಹೋದರೆಂದು ಅಂದಿನ ಅಂದಾಜು. ಸಂಖ್ಯೆ 4 ಲಕ್ಷದ ಹತ್ತಿರ ಹತ್ತಿರ. ಆಳು ಸಿಗದೆ ಗಿರಣಿಗಳು ದಿನಗೂಲಿ ಕೊಡಲಾರಂಭಿಸಿದವು. ಬೀದಿಯ ಮೂಲೆಗಳಲ್ಲಿ ಕೂಲಿಯ ಹರಾಜು ನಡೆಯಿತು. ಉಳಿದವರಿಗೆ ಕೆಲಕಾಲ ಚೌಕಾಸಿಯ ಬಲ ದೊರೆಯಿತೆಂಬುದು ಈ ದುರಂತದೊಳಗಿನ ವಿಪರ್ಯಾಸ.

ಸರಕಾರಿ ದಾಖಲೆಗಳು ಈ ಹೊರಡುವಿಕೆಯನ್ನು ಗಾಬರಿ, ಪಲಾಯನ ಎಂದು ಕರೆದವು. ಉತ್ತರ ಕರ್ನಾಟಕದ ಮಾತಿನಲ್ಲಿ ಇದಕ್ಕೆ ಗುಳೆ ಎಂಬ ಹೆಸರಿದೆ. ಗುಳೆ ಎಂದರೆ ಹೇಡಿತನವಲ್ಲ; ಬರ ಬಂದಾಗ, ದಂಡು ಬಂದಾಗ ಬಾಳನ್ನು ಉಳಿಸಿಕೊಳ್ಳುವ ಕ್ರಮ. ಮಾರಿ ಹೊಕ್ಕಾಗ ಊರು ತೆರವು ಮಾಡಿ ಹೊಲಗಳಲ್ಲಿ ಗುಡಿಸಲು ಹಾಕಿಕೊಂಡಿರುವ ರೂಢಿಯೂ ನಮ್ಮ ಹಳ್ಳಿಗಳಲ್ಲಿತ್ತು. ಇಲಿಯಿಂದ ಹರಡುವ ರೋಗಕ್ಕೆ ಇದು ಯೋಗ್ಯವಾದ ಉಪಾಯವೇ ಆಗಿತ್ತು. ಮುಂದೆ ಅಧಿಕಾರಿಗಳೇ ಊರು ತೆರವು ಮಾಡಿಸುವುದನ್ನು ಮುಖ್ಯ ಕ್ರಮವಾಗಿ ಅಂಗೀಕರಿಸಿದರು. ಆದರೆ ಗುಳೆಯನ್ನು ಹೊಗಳಿ ಕೂರುವಂತೆಯೂ ಇಲ್ಲ. ರೈಲುಗಳಲ್ಲಿ ಹೊರಟವರ ಗಂಟುಮೂಟೆಗಳ ಜೊತೆ, ಧಾನ್ಯದ ಚೀಲಗಳ ಜೊತೆ ರೋಗವೂ ಹೊರಟಿತು. ಬಿಜಾಪುರದ ಕಡೆಗೆ ಹಿಂದಿರುಗಿದವರಿಗೆ ಎದುರಾದದ್ದು 1896-97ರ ಭೀಕರ ಕ್ಷಾಮ. ಇತ್ತ ಮಾರಿ, ಅತ್ತ ಬರ. 1898ರಲ್ಲಿ ಪ್ಲೇಗು ಹುಬ್ಬಳ್ಳಿಯಲ್ಲಿ ಉಲ್ಬಣಿಸಿತು. ಅದೇ ಆಗಸ್ಟಿನಲ್ಲಿ ರೈಲು ಮಾರ್ಗವನ್ನು ಅನುಸರಿಸಿ ಬೆಂಗಳೂರನ್ನು ಮುಟ್ಟಿತು.

ಹುಬ್ಬಳ್ಳಿಯ ಅನುಭವ ಬೇರೆ ತೆರನಾದುದು. ಹಾಫ್‌ಕಿನ್ ಮುಂಬಯಿಯಲ್ಲಿ ಸಿದ್ಧಪಡಿಸಿ 1897ರ ಜನವರಿಯಲ್ಲಿ ತನ್ನ ಮೇಲೆಯೇ ಪ್ರಯೋಗಿಸಿಕೊಂಡ ಚುಚ್ಚುಮದ್ದನ್ನು ಡಾ. ಲ್ಯೂಮನ್ 1898ರ ಕೆಲವೇ ತಿಂಗಳುಗಳಲ್ಲಿ ಅಲ್ಲಿ 30 ಸಾವಿರಕ್ಕೂ ಹೆಚ್ಚು ಜನರಿಗೆ ಹಾಕಿದರು. ಸುಮಾರು 50 ಸಾವಿರ ಜನರ ಊರಿನಲ್ಲಿ ಇದು ಸಣ್ಣ ಸಂಗತಿಯಲ್ಲ. ಇದನ್ನು ವಿಜ್ಞಾನದ ವಿಜಯವೆಂದು ಬಣ್ಣಿಸುವುದುಂಟು. ನಮಗೆ ತೋರುವಂತೆ, ಚುಚ್ಚಿಸಿಕೊಂಡವರಿಗೆ ಪ್ರತ್ಯೇಕವಾಸದ ನಿರ್ಬಂಧಗಳಿಂದ ದೊರೆತ ವಿನಾಯಿತಿಯೂ ಅಷ್ಟೇ ಕೆಲಸ ಮಾಡಿತು. ಕಾಯಿದೆಯ ಕಾಟದಿಂದ ಪಾರಾಗಲು ಜನ ಸೂಜಿಗೆ ತೋಳು ಒಡ್ಡಿದರು.

ಮುಂಬಯಿಯಲ್ಲಿ ಅಂಥ ದಾರಿ ತೆರೆಯುವ ಮೊದಲು ರಕ್ತ ಹರಿಯಿತು. 1898ರ ಮಾರ್ಚ್ 9ರಂದು ನೇಕಾರ ಜುಲಾಹರ ಮನೆಯೊಂದರಲ್ಲಿದ್ದ ಕಾಯಿಲೆಯ ಹುಡುಗಿಯನ್ನು ಪರೀಕ್ಷಿಸಲು ಹೋದಾಗ ಗಲಭೆ ಎದ್ದಿತು. ಪೊಲೀಸರು ಗುಂಡು ಹಾರಿಸಿದರು. ಮರುದಿನಗಳಲ್ಲಿ ಬಂದರಿನ ಕೂಲಿಗಳು, ಗಾಡಿಯವರು ಕೆಲಸ ನಿಲ್ಲಿಸಿದರು. ಆಮೇಲೆ ಬಲಪ್ರಯೋಗ ಇಳಿಮುಖವಾಯಿತು; ಆಯಾ ಸಮುದಾಯಗಳ ಆಸ್ಪತ್ರೆಗಳಿಗೆ ಹೆಚ್ಚು ಅವಕಾಶ ದೊರೆಯಿತು.

ಅದೇ ವರ್ಷ ಸ್ಥಾಪಿತವಾದ ಇಂಪ್ರೂವ್‌ಮೆಂಟ್ ಟ್ರಸ್ಟ್ ರೋಗದ ಬೇರನ್ನು ಕೀಳುವುದಾಗಿ ಹೊರಟು ಮೊದಲು ಕಿತ್ತದ್ದು ಮನೆಗಳನ್ನು. ಎಬ್ಬಿಸಲ್ಪಟ್ಟವರು ದುಡಿಮೆಯ ತಾಣ ಬಿಟ್ಟು ದೂರ ಹೋಗಲಾರದೆ ಪಕ್ಕದ ಚಾಳುಗಳನ್ನೇ ಇನ್ನಷ್ಟು ದಟ್ಟಗೊಳಿಸಿದರು. 1891ರಲ್ಲಿ 8 ಲಕ್ಷ 21 ಸಾವಿರವಿದ್ದ ಜನಸಂಖ್ಯೆ 1901ರಲ್ಲಿ 7 ಲಕ್ಷ 76 ಸಾವಿರಕ್ಕೆ ಇಳಿದಿತ್ತು. ಟ್ರಸ್ಟು ಉತ್ತರಕ್ಕೆ ದಾದರ್-ಮಾಟುಂಗಾ ಬಡಾವಣೆಗಳನ್ನೂ ರೂಪಿಸಿತು. ಮೈಸೂರು ಅಸೋಸಿಯೇಷನ್ ನೆಲೆಗೊಂಡದ್ದು, 1942ರಲ್ಲಿ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ತೆರೆದದ್ದು ಈ ಮಾಟುಂಗಾದಲ್ಲಿ. ಅಲ್ಲಿನ ಕನ್ನಡದ ಚಟುವಟಿಕೆಗೆ ನೆಲ ಒದಗಿಸಿದ್ದು, ಬೇರೆ ಯಾರನ್ನೋ ನೆಲ ಬಿಡಿಸಿದ ಅದೇ ಸಂಸ್ಥೆಯೆಂಬುದು ನಮ್ಮ ಅಭಿನಂದನ ಗ್ರಂಥಗಳಲ್ಲಿ ಕಾಣದ ಸಂಗತಿ.

1897ರ ಕಾಯಿದೆ ಮಹಾರಾಷ್ಟ್ರದಲ್ಲಿಯೂ ಕರ್ನಾಟಕದಲ್ಲಿಯೂ 2020ರ ಮಾರ್ಚಿನಲ್ಲಿ ಕೊರೋನಾ ಕಾರಣವಾಗಿ ಮತ್ತೆ ಹೊರಬಂದಿತು. ಈ ಬಾರಿ ರೈಲುಗಳೇ ನಿಂತಿದ್ದವು. ಹೋಟೆಲುಗಳು ಮುಚ್ಚಿ ಕೂಲಿ ತಪ್ಪಿದವರು ಮಂಡ್ಯ, ಉಡುಪಿ, ಕಲಬುರಗಿ ಜಿಲ್ಲೆಗಳ ತಮ್ಮ ಊರುಗಳಿಗೆ ಮರಳತೊಡಗಿದಾಗ, "ಮುಂಬಯಿಯಿಂದ ಬಂದವರು" ಎಂಬ ಮಾತಿಗೇ ರೋಗದ ಅರ್ಥ ಅಂಟಿಕೊಂಡಿತು. ಮೇ 18ರಂದು ಕರ್ನಾಟಕ ಸರಕಾರ ಮಹಾರಾಷ್ಟ್ರವೂ ಸೇರಿದಂತೆ ನಾಲ್ಕು ರಾಜ್ಯಗಳಿಂದ ಬರುವವರಿಗೆ ತಿಂಗಳ ಕೊನೆಯವರೆಗೆ ಪ್ರವೇಶವನ್ನು ನಿರ್ಬಂಧಿಸಿತು. 1897ರಲ್ಲಿ ಗುಳೆ ಹೊರಟವರಿಗೆ ತಪಾಸಣೆಯ ಆಚೆಗಾದರೂ ಊರಿನ ದಾರಿ ತೆರೆದಿತ್ತು. ಮುಂಬಯಿಗೂ ಹುಬ್ಬಳ್ಳಿಗೂ ನಡುವೆ ಆಗ ರಾಜ್ಯದ ಗಡಿಯಿರಲಿಲ್ಲ.